ಮಸ್ಟಾಂಗ್‌ಗೆ 3,800ರ ಕನ್ವರ್ಟರ್ ಬೇಕೆ?

ಪ್ರಶ್ನೆ: ನನ್ನದು 2017ರ ಫೋರ್ಡ್ ಮಸ್ಟಾಂಗ್ ಜಿಟಿ, 6 ಗೇರಿನ ಆಟೋಮ್ಯಾಟಿಕ್. ಎಕ್ಸಾಸ್ಟ್ ಬಿಟ್ಟರೆ ಬೇರೇನೂ ಬದಲಿಸಿಲ್ಲ. ನಿಂತಲ್ಲಿಂದ ಎಳೆತ ಮಂದ ಅನಿಸುತ್ತದೆ. ಬಿಡಿಭಾಗ ತರಿಸಿಕೊಡುವವರು 3,800 ಆರ್‌ಪಿಎಂ ಸ್ಟಾಲ್‌ನ ಟಾರ್ಕ್ ಕನ್ವರ್ಟರ್ (ಇಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಹಾಕಿಸಿ ಎನ್ನುತ್ತಾರೆ. ಓಡಾಟ ಊರೊಳಗೆ, ಆಗಾಗ ಚಿತ್ರದುರ್ಗದವರೆಗೆ. ಹಾಕಿಸಲೇ?
– ಓದುಗರು, ದಾವಣಗೆರೆ

ಉತ್ತರ: ಬೇಡ. ಹಾಕಿಸಲೇಬೇಕೆಂದಿದ್ದರೆ 2,600ರಿಂದ 2,800ರೊಳಗಿನದು ಸಾಕು, ಅದೂ ಲಾಕಪ್ ಕ್ಲಚ್ (ಓಡುವಾಗ ಇಂಜಿನ್ ಮತ್ತು ಗೇರ್‌ಬಾಕ್ಸನ್ನು ನೇರವಾಗಿ ಬೆಸೆದು ಜಾರುವಿಕೆ ತಡೆಯುವ ಕ್ಲಚ್) ಇರುವುದೇ ಆಗಬೇಕು.

ಕನ್ವರ್ಟರ್ ಒಳಗೆ ಗೇರ್‌ಬಾಕ್ಸ್ ಕಡೆಯ ಟರ್ಬೈನ್ (ಆಯಿಲ್ ರಭಸಕ್ಕೆ ತಿರುಗುವ ರೆಕ್ಕೆಚಕ್ರ) ತಿರುಗದೆ ನಿಂತಿರುವಾಗ ಇಂಜಿನ್ ಎಷ್ಟು ಆರ್‌ಪಿಎಂವರೆಗೆ ಏರಬಲ್ಲದೋ ಅದೇ ಸ್ಟಾಲ್. ಅದು ಕನ್ವರ್ಟರ್ ಒಂದರದೇ ಗುಣವಲ್ಲ. ಅದೇ ಕನ್ವರ್ಟರ್ ಬಲವಾದ ಇಂಜಿನ್ ಹಿಂದೆ ಹೆಚ್ಚು ಏರುತ್ತದೆ, ಸಾಧಾರಣ ಇಂಜಿನ್ ಹಿಂದೆ ಕಡಿಮೆ. ಹಾಗಾಗಿ ಮಾರುವವರನ್ನು ಮೊದಲು ಕೇಳಬೇಕಾದದ್ದು, 'ಈ 3,800 ಎಷ್ಟು ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್‌ಗೆ, ಅಂದರೆ ತಿರುಗಿಸುವ ಬಲಕ್ಕೆ, ಹೇಳಿದ್ದು?' ಇಲ್ಲಿ ಮಾರಾಟವಾದ ಜಿಟಿಯ ಟಾರ್ಕ್ 515 ಎನ್‌ಎಂ. ಸೂಪರ್‌ಚಾರ್ಜರ್ ಇಂಜಿನ್‌ಗೆ ಹೇಳಿದ ಸಂಖ್ಯೆ ನಿಮ್ಮ ಕಾರಿನಲ್ಲಿ ಬರುವುದಿಲ್ಲ. ನಿಂತಲ್ಲಿ ಟಾರ್ಕ್ ಎಷ್ಟು ಪಟ್ಟು ಆಗುತ್ತದೆ ಎಂಬುದನ್ನೂ ಕೇಳಿ. ಸ್ಟಾಲ್ ಜಾಸ್ತಿ, ಪಟ್ಟು ಕಡಿಮೆ ಇದ್ದರೆ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ.

ಈಗ ಹೆದ್ದಾರಿಯ ಲೆಕ್ಕ. ನಿಮ್ಮ ಗೇರ್‌ಬಾಕ್ಸ್‌ನ 6ನೇ ಗೇರ್ ಅನುಪಾತ 0.69. ಹಿಂದಿನ ಆಕ್ಸಲ್ 3.15, ಟೈರ್ 275/40 ಆರ್19 ಎಂದು ಹಿಡಿದರೆ 100 ಕಿ.ಮೀ. ವೇಗದಲ್ಲಿ ಇಂಜಿನ್ ಸುಮಾರು 1,650 ಆರ್‌ಪಿಎಂ. ಲಾಕಪ್ ಬಿದ್ದರೆ ಯಾವ ಕನ್ವರ್ಟರ್ ಆದರೂ ಸರಿ, ಜಾರುವಿಕೆಯೇ ಇರದು. ಬೀಳದಿದ್ದರೆ 3,800ರದ್ದು ದಾರಿಯುದ್ದಕ್ಕೂ ಜಾರುತ್ತಲೇ ಇರುತ್ತದೆ. 150 ಎನ್‌ಎಂ ಹೊರೆಯಲ್ಲಿ ಇಂಜಿನ್ 2,500, ಟರ್ಬೈನ್ 2,000 ತಿರುಗಿದರೂ ಸುಮಾರು 8 ಕಿಲೋವ್ಯಾಟ್ ಶಾಖವಾಗಿ ಆಯಿಲ್‌ಗೆ ಸೇರುತ್ತದೆ. ಮನೆಯ 2 ಕಿಲೋವ್ಯಾಟ್ ಗೀಸರ್ ನಾಲ್ಕನ್ನು ಒಟ್ಟಿಗೆ ಹಾಕಿದಂತೆ! ರೈಲ್ವೆ ಗೇಟ್ ಬಳಿ ಏಪ್ರಿಲ್ ಮಧ್ಯಾಹ್ನ ಇಂಚಿಂಚು ಸರಿಯುವಾಗ ಲಾಕಪ್ ಇರುವುದಿಲ್ಲ, ರೇಡಿಯೇಟರ್‌ಗೆ ಗಾಳಿಯೂ ಇರುವುದಿಲ್ಲ. ಆಯಿಲ್ 80–95 ಡಿಗ್ರಿಯಲ್ಲಿದ್ದರೆ ನಿಶ್ಚಿಂತೆ. 120 ದಾಟಿ ನಿಂತರೆ ಆಯಿಲ್ ಕೆಡುತ್ತದೆ, ಸೀಲುಗಳು ಗಟ್ಟಿಯಾಗುತ್ತವೆ. ಆದ್ದರಿಂದ ಕನ್ವರ್ಟರ್‌ಗಿಂತ ಮೊದಲು ಹೆಚ್ಚುವರಿ ಆಯಿಲ್ ಕೂಲರ್‌ಗೆ ದುಡ್ಡು ಹಾಕಿ. ಕನ್ವರ್ಟರ್ ಬದಲಿಸಿದ ಮೇಲೆ ಲಾಕಪ್ ಟ್ಯೂನಿಂಗ್ ಕೂಡ ಆಗಲೇಬೇಕು, ಇಲ್ಲವಾದರೆ ಲಾಕಪ್ ದೋಷ ಹೇಳುವ ಪಿ0741 ಕೋಡ್ ಬಂದು ಕೂರಬಹುದು.

ಬ್ರೇಕ್ ಒತ್ತಿ ಆಕ್ಸಿಲರೇಟರ್ ತುಳಿದು ಸ್ಟಾಲ್ ಅಳೆಯಲು ಹೋಗಬೇಡಿ. ಇಂಥ ಕಾರಿನಲ್ಲಿ ಕಂಪ್ಯೂಟರ್ ಇಂಜಿನ್ ಬಲ ಕಡಿತಗೊಳಿಸುತ್ತದೆ, ಇಲ್ಲವೇ ಹಿಂದಿನ ಚಕ್ರ ಸುತ್ತುತ್ತದೆ. ಎರಡರಲ್ಲೂ ಸಿಗುವುದು ಸುಳ್ಳು ಸಂಖ್ಯೆ.

ಪ್ರಶ್ನೆ: ಕನ್ವರ್ಟರ್ ಬಿಚ್ಚಿ ಕೂರಿಸಿದ ಮೇಲೆ ಸ್ಟಾರ್ಟ್ ಮಾಡಿದ ಕೂಡಲೇ ಕರ್ಕಶ ಸದ್ದು, ಯಾವ ಗೇರಿಗೂ ಗಾಡಿ ಕದಲುತ್ತಿಲ್ಲ.
– ಓದುಗರು, ಚಿತ್ರದುರ್ಗ

ಉತ್ತರ: ಇಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ. ಆಯಿಲ್ ಪಂಪ್ ಮುರಿದಿರುವ ಸಾಧ್ಯತೆಯೇ ಹೆಚ್ಚು. ಕನ್ವರ್ಟರ್ ಒಳಗೆ ಮೂರು ಕಡೆ ಕಚ್ಚಿಕೊಳ್ಳಬೇಕು: ಟರ್ಬೈನ್ ಶಾಫ್ಟ್, ಸ್ಟೇಟರ್ (ಆಯಿಲ್ ಹರಿವಿನ ದಿಕ್ಕು ತಿರುಗಿಸುವ ಚಕ್ರ), ಪಂಪ್. ತಿರುಗಿಸುತ್ತಾ ಒತ್ತಿದರೆ 'ಟಕ್' ಎಂದು ಒಂದೊಂದೇ ಹಂತ ಒಳಗೆ ಇಳಿಯುತ್ತದೆ. ಕೊನೆಯದು ಕೂರದೆ ಬೋಲ್ಟ್ ಬಿಗಿದು ಬಲವಂತವಾಗಿ ಸೇರಿಸಿದರೆ ಪಂಪ್ ಗೇರ್ ಸೀಳುತ್ತದೆ. ಸರಿಯಾಗಿ ಕೂತಿದ್ದರೆ ಗೇರ್‌ಬಾಕ್ಸ್ ಇಂಜಿನ್‌ಗೆ ಪೂರ್ತಿ ಅಂಟಿದ ಮೇಲೂ ಫ್ಲೆಕ್ಸ್‌ಪ್ಲೇಟ್ (ಇಂಜಿನ್ ಹಿಂಬದಿಯಲ್ಲಿ ತಿರುಗುವ ತಟ್ಟೆ) ಮತ್ತು ಕನ್ವರ್ಟರ್ ನಡುವೆ ಸುಮಾರು 3 ಮಿ.ಮೀ. ಸಂದು ಉಳಿಯುತ್ತದೆ. ಆಮೇಲೆ ಕನ್ವರ್ಟರನ್ನು ಕೈಯಿಂದ ಮುಂದೆ ಎಳೆದು ಬೋಲ್ಟ್ ಹಾಕಬೇಕು. ಉದ್ದದ ಬೋಲ್ಟ್ ಸಿಕ್ಕಿತೆಂದು ಹಾಕಿಬಿಟ್ಟರೆ ಕನ್ವರ್ಟರ್ ಮುಖ ಒಳಕ್ಕೆ ಉಬ್ಬಿ ಲಾಕಪ್ ಕ್ಲಚ್ ಹಾಳು. ಪಂಪ್ ಬದಲಿಸುವಾಗ ಕೂಲರ್ ಪೈಪ್‌ಗಳನ್ನೂ ಫ್ಲಶ್ ಮಾಡಿಸಿ, ಲೋಹದ ಪುಡಿ ಅಲ್ಲೇ ಅಡಗಿರುತ್ತದೆ.

ಪ್ರಶ್ನೆ: 70–80 ಕಿ.ಮೀ. ವೇಗದಲ್ಲಿ ಗಾಡಿ ನಡುಗುತ್ತದೆ. ಪ್ಲಗ್ ಬದಲಿಸಿದರೂ ನಿಂತಿಲ್ಲ.
– ಓದುಗರು, ಹರಿಹರ

ಉತ್ತರ: ನಡುಗುತ್ತಿರುವಾಗ ಆಕ್ಸಿಲರೇಟರ್ ಬಿಡದೆ ಎಡಗಾಲಿನಿಂದ ಬ್ರೇಕ್ ಪೆಡಲ್ ಮೇಲೆ ಹಗುರವಾಗಿ ಒತ್ತಿ ನೋಡಿ, ಹಿಂದೆ ಗಾಡಿಗಳಿಲ್ಲದಾಗ. ಲಾಕಪ್ ಬಿಡುತ್ತದೆ. ಅದರೊಂದಿಗೇ ನಡುಕ ನಿಂತರೆ ದೋಷ ಲಾಕಪ್‌ನದು, ಪ್ಲಗ್‌ನದಲ್ಲ. ಮೊದಲು ಕಂಪನಿ ಹೇಳಿದ ದರ್ಜೆಯ ಆಯಿಲ್ ಬದಲಿಸಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಕನ್ವರ್ಟರ್ ಬಿಚ್ಚಿಸಿ.