ಅಡುಗೆಮನೆಯ ಗೋಡೆಯ ಮೇಲೆ ಎಂಟು ವಚನಗಳು

ಸಹೋದರಿ, ಮಕ್ಕಳ ಊಟದ ಡಬ್ಬಿ, ಕಚೇರಿಯ ಬಸ್ಸು, ರಾತ್ರಿ ಅತ್ತೆಯ ಔಷಧಿ, ಇವುಗಳ ನಡುವೆ ಬೈಬಲ್ ತೆರೆದು ತಿಂಗಳಾಯಿತು, ದೇವರು ನನ್ನನ್ನು ಮರೆತನೇ ಎಂದು ಕೇಳಿದ್ದೀರಿ. ಖಂಡಿತ ಮರೆತಿಲ್ಲ. ಹೀಗೆ ಕೇಳುವ ಮನಸ್ಸು ದೂರ ಹೋದ ಮನಸ್ಸಲ್ಲ.

ಬೈಬಲಿನಲ್ಲಿ ಯೇಸುವಿನ ಜೀವನವನ್ನು ಹೇಳುವ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಕಪೆರ್ನೌಮ್ ಎಂಬ ಊರಿನಲ್ಲಿ ಸಂಜೆ ಊರಿಗೆ ಊರೇ ಯೇಸು ಇದ್ದ ಮನೆಯ ಬಾಗಿಲ ಮುಂದೆ ನೆರೆದಿತ್ತು. ಮರುದಿನ ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನು. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದು ಶಿಷ್ಯ ಸೀಮೋನನು ಬಂದು ಹೇಳಿದರೂ ಆತನು ಹಿಂತಿರುಗಲಿಲ್ಲ, ಬೇರೆ ಊರುಗಳಿಗೆ ಹೊರಟನು. ಕರೆದವರೆಲ್ಲರ ಬಳಿಗೆ ಆತನೂ ಓಡಲಿಲ್ಲ ಎಂಬುದು ನನಗೆ ಬಹಳ ಸಮಾಧಾನ ಕೊಟ್ಟ ಮಾತು.

ನನ್ನ ಮಗ ಹಸುಗೂಸಾಗಿದ್ದಾಗ ಬೈಬಲಿನ 121ನೆಯ ಕೀರ್ತನೆಯನ್ನು ಹಾಳೆಯಲ್ಲಿ ಬರೆದು ಒಲೆಯ ಪಕ್ಕ ಅಂಟಿಸಿದ್ದೆ. ಇರುವುದು ಎಂಟೇ ವಚನ. ಹಾಲು ಉಕ್ಕುವುದರೊಳಗೆ ಓದಿ ಮುಗಿಯುತ್ತಿತ್ತು. ಒಗ್ಗರಣೆಯ ಎಣ್ಣೆ ಸಿಡಿದು ಹಾಳೆ ಹಳದಿಯಾಗುವ ಹೊತ್ತಿಗೆ ಅದು ಬಾಯಿಪಾಠವಾಗಿತ್ತು.

ಬಸ್ಸಿನಲ್ಲಿ ಮೊಬೈಲನ್ನು ಚೀಲದೊಳಗಿಟ್ಟು ಮನೆಯವರ ಹೆಸರು ಒಂದೊಂದಾಗಿ ಹೇಳಿ ಪ್ರಾರ್ಥಿಸಿ. ರಾತ್ರಿಯ ಔಷಧಿಯನ್ನು ವಾರಕ್ಕೆ ಮೂರು ದಿನ ನಿಮ್ಮ ಪತಿ ಕೊಡಲಿ. ಇದನ್ನು ಇಂದೇ ಕೇಳಿ, ಸಂಕೋಚ ಬೇಡ. ನಿಮಗಾಗಿ ನಾನೂ ಈ ವಾರವಿಡೀ ಪ್ರಾರ್ಥಿಸುತ್ತೇನೆ.