ನಿಮ್ಮ ಕಥೆಯ ಹುಡುಗಿಗೆ ಏನು ಬೇಕಿತ್ತು?

ನಮಸ್ಕಾರ,

ನಿಮ್ಮ ಕಥೆ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸುವುದು ಬೇಡ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ. ಅದರಲ್ಲಿ ಒಂದು ಪ್ಯಾರಾ ಇದೆ, ಅದನ್ನು ಬರೆದವರಿಗೆ ಬರೆಯಲು ಖಂಡಿತ ಬರುತ್ತದೆ.

1995ರ ಜಾಫ್ನಾ, ಯುದ್ಧದ ನಡುವೆ ಇರುವ ಉತ್ತರ ಶ್ರೀಲಂಕಾದ ತಮಿಳರ ಊರು. ಹತ್ತು ವರ್ಷದ ತಮಿಳು ಹುಡುಗಿ. ಮೇಲೆ ವಿಮಾನ, ಅಂಗಳದಲ್ಲಿ ಬಂಕರ್. ಕೊನೆಗೆ ಆಕೆ ಶಾಂತಿಯ ಬಗ್ಗೆ ಅರ್ಧ ಪುಟ ಮಾತಾಡಿ ಪಾರಿವಾಳ ಹಾರಿಸುತ್ತಾಳೆ. ನಿಮ್ಮ ಕಥೆ ಇಷ್ಟು.

ನಾನು ಹೇಳಿದ ಪ್ಯಾರಾ ಅಮ್ಮನ ಚೀಲದ್ದು. ಮಲಗುವ ಮುಂಚೆ ಆಕೆ ಚೀಲ ಬಿಚ್ಚಿ ನೋಡುತ್ತಾಳೆ. ಜನನ ಪತ್ರ ಇದೆಯಾ, ಮನೆಪತ್ರ ಇದೆಯಾ, ಮಕ್ಕಳ ಮಾರ್ಕ್ಸ್ ಕಾರ್ಡ್ ಇದೆಯಾ. ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆದಿಂಬಿನ ಪಕ್ಕ ಇಟ್ಟು, ಚಪ್ಪಲಿಗಳನ್ನು ಬಾಗಿಲ ಕಡೆ ಮುಖ ಮಾಡಿ ಜೋಡಿಸಿ ಮಲಗುತ್ತಾಳೆ. ಯಾವ ಗಳಿಗೆಯಲ್ಲಿ ಓಡಬೇಕೋ ಗೊತ್ತಿಲ್ಲದ ಮನೆಯಲ್ಲಿ ಮಾರ್ಕ್ಸ್ ಕಾರ್ಡ್ ಯಾಕೆ? ಇದೆಲ್ಲ ಒಂದು ದಿನ ಮುಗಿಯುತ್ತದೆ, ಮಕ್ಕಳು ಮುಂದೆ ಓದುತ್ತಾರೆ ಅಂತ ಆಕೆ ನಂಬಿದ್ದಾಳೆ. ಶಾಂತಿಯ ಹಂಬಲ ಅಲ್ಲೇ ಬಂದುಬಿಟ್ಟಿತಲ್ಲ, ಮತ್ತೆ ಆ ಕೊನೆಯ ಭಾಷಣ ಯಾಕೆ ಬೇಕು?

ಹತ್ತು ವರ್ಷದ ಮಗು ಇಡೀ ಮನುಕುಲಕ್ಕೆ ಶಾಂತಿ ಸಿಗಲಿ ಅಂತ ಬೇಡಿಕೊಳ್ಳುವುದಿಲ್ಲ. ಅದರಲ್ಲೂ ಇವಳು, ತಮಿಳರ ಮೇಲೆ ದಾಳಿ ನಡೆದು ಯುದ್ಧ ಶುರುವಾದ 1983ರ ಜುಲೈ ಗಲಭೆಯ ಆಮೇಲೆ ಹುಟ್ಟಿದವಳು, ಯುದ್ಧ ಇಲ್ಲದ ಕಾಲವನ್ನು ನೋಡೇ ಇಲ್ಲ. ಹಾಗಾದರೆ ಆಸೆಪಡುವುದು ಯಾವುದಕ್ಕೆ? ಅದನ್ನು ನೀವು ಹುಡುಕಬೇಕಿತ್ತು. ಒಂದು ಉದಾಹರಣೆ ಹೇಳುತ್ತೇನೆ. ಕೊಲಂಬೋದಿಂದ ಜಾಫ್ನಾಗೆ ಯಾಳ್ ದೇವಿ ಅಂತ ರೈಲು ಓಡುತ್ತಿತ್ತು. 1990ರಲ್ಲಿ ನಿಂತಿತು, ಮತ್ತೆ ಜಾಫ್ನಾ ಮುಟ್ಟಿದ್ದು 2014ರಲ್ಲಿ. ನಡುವೆ ಹಳಿಗಳನ್ನೂ ಸ್ಲೀಪರುಗಳನ್ನೂ ಕಿತ್ತು ಬಂಕರ್ ಕಟ್ಟಲು ಬಳಸಿದರು. ಹಳಿಯನ್ನೇ ತೊಲೆಯಾಗಿ ಹಾಕಿದ ಬಂಕರಿನಲ್ಲಿ ಕೂತು ಆ ಹುಡುಗಿ ಅಜ್ಜನನ್ನು, ರೈಲು ಎಷ್ಟು ಉದ್ದ ಇರುತ್ತೆ, ಅದರೊಳಗೆ ಓಡಾಡಬಹುದಾ, ಕಿಟಕಿ ತೆಗೆದಿಡಬಹುದಾ ಅಂತ ಒಂದರ ಮೇಲೊಂದು ಕೇಳುತ್ತಿದ್ದರೆ ನಾನು ಬೇರೇನೂ ಕೇಳುತ್ತಿರಲಿಲ್ಲ.

ಇನ್ನು ತಪ್ಪುಗಳು. ಮೂರನೇ ಪುಟದಲ್ಲಿ ಮನೆಮಂದಿ ಫ್ಯಾನ್ ಕೆಳಗೆ ಕೂತು ಟಿವಿ ನೋಡುತ್ತಾರೆ. ಅಲ್ಲಿ ಆಗ ವರ್ಷಗಳಿಂದ ಕರೆಂಟೇ ಇರಲಿಲ್ಲ. ಪೆಟ್ರೋಲ್, ಬ್ಯಾಟರಿ, ಸಿಮೆಂಟ್ ಸಾಗಿಸಲು ಸರ್ಕಾರದ ನಿರ್ಬಂಧ ಇತ್ತು. ಬೈಕುಗಳು ಸೀಮೆಎಣ್ಣೆಯಲ್ಲಿ ಓಡುತ್ತಿದ್ದವು. ರೇಡಿಯೋದಲ್ಲಿ ಸುದ್ದಿ ಕೇಳಬೇಕಾದರೆ ಸೈಕಲ್ ನಿಲ್ಲಿಸಿ ಪೆಡಲ್ ತುಳಿಯಬೇಕು, ಡೈನಮೋದಿಂದ ರೇಡಿಯೋ ಮಾತಾಡುತ್ತದೆ. ತುಳಿಯುವ ಹುಡುಗ ಸುಸ್ತಾದರೆ ಸುದ್ದಿಯೂ ಅಲ್ಲಿಗೇ ನಿಂತಿತು. ಆ ಟಿವಿ ತೆಗೆದು ಈ ಸೈಕಲ್ ತನ್ನಿ, ದೃಶ್ಯ ತಾನಾಗಿ ಎದ್ದು ನಿಲ್ಲುತ್ತದೆ. ಶಾಲೆ ಪೂರ್ತಿ ಮುಚ್ಚಿತ್ತು ಅಂತಲೂ ಬರೆದಿದ್ದೀರಿ, ಅದೂ ಸರಿಯಲ್ಲ. ಮಕ್ಕಳು ಜಾಮ್ ಬಾಟಲಿಯ ದೀಪದಲ್ಲಿ ಓದುತ್ತಿದ್ದರು. ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ತಮಿಳು ಹುಲಿಗಳ (ಎಲ್‌ಟಿಟಿಇ) ಹಿಡಿತದಲ್ಲಿದ್ದ ಊರುಗಳಲ್ಲೂ ಪರೀಕ್ಷೆ ನಡೆಸುತ್ತಿದ್ದದ್ದು ಸರ್ಕಾರವೇ, ಮೇಷ್ಟ್ರ ಸಂಬಳವೂ ಸರ್ಕಾರದ್ದೇ. ಬಾಂಬ್ ಹಾಕುವ ಸರ್ಕಾರವೇ ಪ್ರಶ್ನೆಪತ್ರಿಕೆಯನ್ನೂ ಕಳಿಸುತ್ತಿದ್ದರೆ ಅದನ್ನು ಕೈಗೆ ತಗೊಂಡ ಮಗುವಿಗೆ ಏನನ್ನಿಸಿರಬಹುದು? ಇಲ್ಲಿ ನಿಮಗೆ ತುಂಬಾ ಜಾಗ ಇದೆ.

ಒಂದು ಕಷ್ಟದ ಮಾತು. ನಿಮ್ಮ ಕಥೆಯಲ್ಲಿ ಸೈನಿಕರೆಲ್ಲ ರಾಕ್ಷಸರು, ಹುಲಿಗಳೆಲ್ಲ ಅಣ್ಣಂದಿರು. ಸೇನೆ ಮಾಡಿದ್ದನ್ನು ಮೆದು ಮಾಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಅದೇ ಅಣ್ಣಂದಿರು ಶಾಲೆಗೆ ಹೋಗುವ ಮಕ್ಕಳನ್ನು ಪಡೆಗೆ ಸೇರಿಸಿಕೊಂಡರು. 1990ರ ಅಕ್ಟೋಬರಿನಲ್ಲಿ ಜಾಫ್ನಾದ ಮುಸ್ಲಿಮರಿಗೆ ಎರಡು ಗಂಟೆ ಟೈಮ್ ಕೊಟ್ಟು ಊರು ಬಿಡಿಸಿದರು. ಆಗ ನಿಮ್ಮ ಹುಡುಗಿಗೆ ಐದು ವರ್ಷ. ಜೊತೆಗೆ ಆಡುತ್ತಿದ್ದ ಒಬ್ಬಳು ಒಂದೇ ದಿನದಲ್ಲಿ ಇಲ್ಲವಾದಳು, ಅವರ ಮನೆಗೆ ಬೀಗ, ಕೇಳಿದರೆ ದೊಡ್ಡವರು ಮಾತು ತಿರುಗಿಸುತ್ತಾರೆ. ಇದನ್ನು ಬಿಟ್ಟು ಬರೆದರೆ ನಿಮ್ಮ ಹುಡುಗಿ ಬೆಳೆದ ಊರು ಅರ್ಧ ಸುಳ್ಳಾಗುತ್ತದೆ.

ನನಗೆ ಜಾಸ್ತಿ ಬೇಜಾರಾದದ್ದು ಬೇರೆ ಕಡೆ. 1995ರ ಅಕ್ಟೋಬರ್ 30ರ ರಾತ್ರಿಯನ್ನು ‘ಅವರು ಊರು ಬಿಟ್ಟರು’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಸೇನೆ ಹತ್ತಿರ ಬರುತ್ತಿದೆ, ಎಲ್ಲರೂ ಹೊರಡಿ ಅಂತ ಹುಲಿಗಳು ಹೇಳಿದರು. ಲಕ್ಷಾಂತರ ಜನ ಒಂದೇ ರಾತ್ರಿ, ಮಳೆಯಲ್ಲಿ, ನಾವಟ್ಕುಳಿ ಸೇತುವೆಯ ಕಡೆ ಹೆಜ್ಜೆ ಹೆಜ್ಜೆಗೂ ನಿಂತು ನಿಂತು ನಡೆದರು. ಸೈಕಲ್ ಮೇಲೆ ಗಂಟು, ಗಂಟಿನ ಮೇಲೆ ಮಗು, ಪಕ್ಕದಲ್ಲಿ ನಡೆಯಲಾಗದ ಅಜ್ಜಿ. ನಿಮ್ಮ ಕಥೆ ಇಲ್ಲಿದೆ! ಆ ರಾತ್ರಿಯಿಂದಲೇ ಶುರು ಮಾಡಿ, ಹಿಂದಿನದೆಲ್ಲ ನಡಿಗೆಯ ನಡುವೆ ಬರಲಿ.

ಬರೆಯುವ ಮುಂಚೆ, ಆ ದಿನಗಳನ್ನು ಕಂಡ ಯಾರಾದರೂ ಸಿಕ್ಕರೆ ಮಾತಾಡಿ. ತಮಿಳುನಾಡಿನ ನಿರಾಶ್ರಿತರ ಶಿಬಿರಗಳಲ್ಲಿ ಬೆಳೆದವರೂ ಇದ್ದಾರೆ. ಸಾವುನೋವಿನ ಬಗ್ಗೆ ಕೆದಕಬೇಡಿ. ಚೀಲದಲ್ಲಿ ಏನಿಟ್ಟಿದ್ದಿರಿ ಅಂತ ಕೇಳಿ, ಉಳಿದದ್ದನ್ನು ಹೇಳಬೇಕು ಅನ್ನಿಸಿದರೆ ಅವರೇ ಹೇಳುತ್ತಾರೆ.

ಪಾರಿವಾಳ, ಭಾಷಣ ಎರಡನ್ನೂ ತೆಗೆಯಿರಿ. ಕಥೆ ಚಿಕ್ಕದಾದರೆ ಆಗಲಿ. ಅವಸರ ಇಲ್ಲ, ಆದರೆ ಖಂಡಿತ ಮತ್ತೆ ಕಳಿಸಿ, ನಾನೇ ಓದುತ್ತೇನೆ.