ಮಾತ್ರೆ ಬಿಡಬೇಡಿ, ಏಪ್ರಿಕಾಟ್ ನೆನೆಹಾಕಿ

ಪ್ರಶ್ನೆ: ಅಕ್ಕಾ, ನನಗೆ 43 ವರ್ಷ. ಹೋದ ತಿಂಗಳು ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.5 ಬಂತು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ನುಂಗಿದರೆ ಮಲ ಗಟ್ಟಿಯಾಗಿ ಒದ್ದಾಡುತ್ತೇನೆ. ಮಗಳು ಬೆಂಗಳೂರಿನಿಂದ ಎರಡು ಪ್ಯಾಕೆಟ್ ಒಣ ಏಪ್ರಿಕಾಟ್ ತಂದು, 'ಇದರಲ್ಲಿ ಕಬ್ಬಿಣ ಇದೆ, ಮಾತ್ರೆ ಬಿಡಮ್ಮ' ಅನ್ನುತ್ತಾಳೆ. ಒಂದು ಕಿತ್ತಳೆ ಬಣ್ಣ, ಮೆತ್ತಗಿದೆ. ಇನ್ನೊಂದು ಕಂದು, ಗಟ್ಟಿ, ಒಳಗೆ ಬೀಜವಿದೆ. ಯಾವುದು ಒಳ್ಳೆಯದು? ಅಡುಗೆಗೆ ಬರುತ್ತಾ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ತಂಗಿ, ಮಾತ್ರೆ ಬಿಡಬೇಡಿ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು. ನಿಮ್ಮದು 9.5. ಅದನ್ನು ಮೇಲಕ್ಕೆತ್ತುವ ಶಕ್ತಿ ಈ ಹಣ್ಣಿಗಿಲ್ಲ.

ಲೆಕ್ಕ ನೋಡಿ. 100 ಗ್ರಾಂ ಒಣ ಏಪ್ರಿಕಾಟ್‌ನಲ್ಲಿ ಕಬ್ಬಿಣ ಸುಮಾರು 2.7 ಮಿಲಿಗ್ರಾಂ. ದಿನಕ್ಕೆ 5 ಹಣ್ಣು ತಿಂದರೆ ಸುಮಾರು 40 ಗ್ರಾಂ. ಅಂದರೆ ಸಿಗುವುದು 1 ಮಿಲಿಗ್ರಾಂ. ನಮ್ಮ ದೇಶದ ಆಹಾರ ತಜ್ಞರು 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಹೆಂಗಸರಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ನಮ್ಮ ಹಾಸನದ ರಾಗಿಯಲ್ಲೇ ಏಪ್ರಿಕಾಟ್‌ಗಿಂತ ಜಾಸ್ತಿ ಕಬ್ಬಿಣವಿದೆ, 100 ಗ್ರಾಂಗೆ 4ರಿಂದ 5 ಮಿಲಿಗ್ರಾಂ. ಹುರುಳಿಯಲ್ಲಿ 8ರ ಮೇಲೆ. ಮುದ್ದೆ, ಹುರುಳಿ ಸಾರು, ಮೇಲೆ ನಿಂಬೆರಸ ಹಿಂಡಿಕೊಂಡು ಉಣ್ಣಿ. ಹುಳಿ ಇದ್ದರೆ ಕಾಳಿನ ಕಬ್ಬಿಣ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಕಾಫಿ ಕುಡಿದರೆ ಸರಿಯಾಗಿ ಹತ್ತುವುದಿಲ್ಲ. ಕಾಫಿ ಸೀಮೆಯವರಿಗೆ ಇದು ಕಷ್ಟದ ಮಾತು, ನನಗೆ ಗೊತ್ತು. ಆದರೂ ಊಟವಿರಲಿ, ಮಾತ್ರೆಯಿರಲಿ, ಅದಕ್ಕೂ ಕಾಫಿಗೂ ನಡುವೆ ಒಂದು ಗಂಟೆಯಾದರೂ ಬಿಡಿ.

ಹಾಗಾದರೆ ಏಪ್ರಿಕಾಟ್ ಯಾಕೆ? ನೀವು ಒದ್ದಾಡುತ್ತೀರಲ್ಲ, ಅದಕ್ಕೆ. ಮಗಳು ಹುಟ್ಟಿದ ಮೇಲೆ ನಾನೂ ಇದೇ ತೊಂದರೆಗೆ ಮಾತ್ರೆಯನ್ನು ಅರ್ಧಕ್ಕೇ ನಿಲ್ಲಿಸಿದ್ದೆ. ಮೂರು ತಿಂಗಳಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು. ಎರಡನೇ ಸಲ ಮಾತ್ರೆ ಶುರು ಮಾಡಿದಾಗ ರಾತ್ರಿ 4 ಏಪ್ರಿಕಾಟ್ ನೆನೆಹಾಕಿ, ಬೆಳಗ್ಗೆ ನೀರಿನ ಸಮೇತ ತಿನ್ನುತ್ತಿದ್ದೆ. ಹೊಟ್ಟೆ ಸಲೀಸಾಯಿತು, ಮಾತ್ರೆಯೂ ಪೂರ್ತಿಯಾಯಿತು. ಇದರಲ್ಲಿ ನಾರು ಚೆನ್ನಾಗಿದೆ, 100 ಗ್ರಾಂಗೆ 7 ಗ್ರಾಂ. ಸಾರ್ಬಿಟಾಲ್ ಅನ್ನುವ ಒಂದು ಬಗೆಯ ಸಿಹಿಯೂ ಇದೆ. ಅದು ಕರುಳಿಗೆ ನೀರು ಎಳೆದುಕೊಂಡು ಮಲವನ್ನು ಮೆತ್ತಗೆ ಮಾಡುತ್ತದೆ. ಜಾಸ್ತಿ ತಿಂದರೆ ಮಾತ್ರ ಹೊಟ್ಟೆ ಉಬ್ಬರ, ಭೇದಿ. ಅಷ್ಟಕ್ಕೂ ಸರಿಹೋಗದಿದ್ದರೆ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆ ಕೊಡುತ್ತಾರೆ. ರಕ್ತ ಯಾಕೆ ಕಡಿಮೆಯಾಯಿತು ಅಂತಲೂ ಕೇಳಿ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದ್ದರೆ ಮುಚ್ಚಿಡಬೇಡಿ.

ಇನ್ನು ಬಣ್ಣ. ಒಣಗಿಸಿದ ಏಪ್ರಿಕಾಟ್ ತಾನಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕಿತ್ತಳೆ ಬಣ್ಣ ಹಾಗೇ ಉಳಿಯಲು ಗಂಧಕದ ಹೊಗೆ ಹಾಕಿರುತ್ತಾರೆ. ಸಾಮಾನ್ಯರಿಗೆ ಅದರಿಂದ ತೊಂದರೆಯಿಲ್ಲ. ಮನೆಯಲ್ಲಿ ಯಾರಿಗಾದರೂ ಉಬ್ಬಸವಿದ್ದರೆ ಮಾತ್ರ ಅದನ್ನು ಕೊಡಬೇಡಿ, ಕೆರಳಬಹುದು. ಮೆತ್ತಗಿರುವ ಕಿತ್ತಳೆ ಬಣ್ಣದ್ದು ಹೆಚ್ಚಾಗಿ ಟರ್ಕಿಯಿಂದ ಬರುತ್ತದೆ. ಅಲ್ಲಿನ ಮಲಾತ್ಯ ಊರು ಈ ಹಣ್ಣಿಗೇ ಹೆಸರುವಾಸಿ. ನಮ್ಮ ದೇಶದಲ್ಲಿ ಲಡಾಖ್‌ನಲ್ಲಿ ಬೆಳೆಯುತ್ತಾರೆ. ಅಲ್ಲಿನ ರಕ್ತ್ಸೆ ಕಾರ್ಪೊ ಎಂಬ ತಳಿಗೆ 2022ರಲ್ಲಿ ಜಿಐ ಟ್ಯಾಗ್, ಅಂದರೆ ಆ ಸೀಮೆಯದೇ ವಿಶೇಷ ಬೆಳೆ ಅನ್ನುವ ಗುರುತು, ಸಿಕ್ಕಿತು. ನನ್ನನ್ನು ಕೇಳಿದರೆ ಬೀಜವಿರುವ ಕಂದು ಹಣ್ಣೇ ರುಚಿ, ಆದರೆ ರಾತ್ರಿಯಿಡೀ ನೆನೆಯಬೇಕು. ಹೈದರಾಬಾದಿನವರು ಖುಬಾನಿ ಕಾ ಮೀಠಾ ಅನ್ನುವ ಸಿಹಿ ಮಾಡುವುದು ಇಂಥದ್ದರಲ್ಲೇ. ಬೀಜ ಒಡೆದರೆ ಬಾದಾಮಿಯಂಥ ತಿರುಳು ಸಿಗುತ್ತದೆ. ನಾಲಿಗೆಗೆ ಕಹಿ ಅನ್ನಿಸಿದರೆ ಉಗಿದುಬಿಡಿ. ಕಹಿ ತಿರುಳು ಹೊಟ್ಟೆಗೆ ಹೋದರೆ ಸೈನೈಡ್ ವಿಷವಾಗುತ್ತದೆ. ಮಕ್ಕಳ ಕೈಗೆ ಕೊಡಲೇಬೇಡಿ.

ಅಡುಗೆಗೆ ಖಂಡಿತ ಬರುತ್ತದೆ. ಹುಳಿ, ಸಿಹಿ ಎರಡೂ ಇರುವುದರಿಂದ ನಾನು ಅನಾನಸ್ ಬದಲು ಇದರ ಗೊಜ್ಜು ಮಾಡುತ್ತೇನೆ. 15 ಹಣ್ಣನ್ನು ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಿ ಹೆಚ್ಚಿಕೊಳ್ಳಿ. ಕಡಲೆಬೇಳೆ, ಉದ್ದಿನಬೇಳೆ, ಎಳ್ಳು ಒಂದೊಂದು ಚಮಚ, ಕಾಲು ಚಮಚ ಮೆಂತ್ಯ, 5 ಬ್ಯಾಡಗಿ ಮೆಣಸಿನಕಾಯಿ ಹುರಿದು, ಎರಡು ಚಮಚ ಕೊಬ್ಬರಿ ಸೇರಿಸಿ ರುಬ್ಬಿ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಗೆ ಹಣ್ಣು, ನೆನೆಸಿದ ನೀರು, ಸ್ವಲ್ಪ ಹುಣಸೆರಸ, ಉಪ್ಪು ಹಾಕಿ ಕುದಿಸಿ. ಆಮೇಲೆ ರುಬ್ಬಿದ್ದು ಹಾಕಿ, ಎಣ್ಣೆ ಬಿಡುವವರೆಗೆ ಸಣ್ಣ ಉರಿಯಲ್ಲಿಡಿ. ಬೆಲ್ಲ ಬೇಕಾಗುವುದೇ ಇಲ್ಲ. ಅಕ್ಕಿರೊಟ್ಟಿಗೆ ಬಹಳ ಚೆನ್ನಾಗಿರುತ್ತದೆ. ಪಾಯಸಕ್ಕೆ ಹಾಕುವುದಾದರೆ ಹಾಲು ಆರಿದ ಮೇಲೆ ಹಾಕಿ. ಕುದಿಯುವ ಹಾಲಿಗೆ ಬಿದ್ದರೆ ಒಡೆಯುತ್ತದೆ.

ಸಕಲೇಶಪುರದ ಮಳೆ ನಿಮಗೆ ಹೇಳಬೇಕಾಗಿಲ್ಲ. ಪ್ಯಾಕೆಟ್ ಒಡೆದ ಮೇಲೆ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ, ಇಲ್ಲದಿದ್ದರೆ ಬೂಸ್ಟು ಬರುತ್ತದೆ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ ಇದೆ. ಒಣ ಏಪ್ರಿಕಾಟ್ ತಿನ್ನಬಹುದೇ?
– ನಿವೃತ್ತ ಶಿಕ್ಷಕರು, ಬೇಲೂರು

ಉತ್ತರ: ಮೇಷ್ಟ್ರೇ, ಒಣಗಿದ ಹಣ್ಣಿನಲ್ಲಿ ಅರ್ಧಕ್ಕರ್ಧ ಸಕ್ಕರೆಯೇ. ಸಕ್ಕರೆ ಹತೋಟಿಯಲ್ಲಿದ್ದರೆ ದಿನಕ್ಕೆ 2 ಹಣ್ಣು, ಅದೂ ನಾಲ್ಕು ಕಡಲೆಬೀಜದ ಜೊತೆ, ಸಾಕು. ಮೂತ್ರಪಿಂಡದ ತೊಂದರೆಯೂ ಇದ್ದರೆ ಡಾಕ್ಟರನ್ನು ಕೇಳದೆ ಒಂದನ್ನೂ ತಿನ್ನಬೇಡಿ. ಇದರಲ್ಲಿ ಪೊಟ್ಯಾಸಿಯಂ ತುಂಬಾ ಇದೆ, ಸೋತ ಮೂತ್ರಪಿಂಡಕ್ಕೆ ಅದನ್ನು ಹೊರಹಾಕಲು ಆಗುವುದಿಲ್ಲ.